ಹಸಿದ ಶತ್ರುವಿಗೆ ಒಂದು ಡಬ್ಬಿ ಊಟ

ಸೇಡು ತೀರಿಸಿಕೊಳ್ಳುವುದಕ್ಕೆ ಬೈಬಲ್‌ನಲ್ಲೇ ಒಂದು ಉಪಾಯವಿದೆ ಎಂದು ಮೊಂಡಿಗೆ ಗೊತ್ತಾದದ್ದು ಒಂದು ಬುಧವಾರದ ಸಂಜೆ, ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಕೊನೆಯ ಬೆಂಚಿನ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದಾಗ.

ಮೊಂಡಿ ಎನ್ನುವುದು ಅಕ್ಕ ಇಟ್ಟ ಹೆಸರು. ಹಿಡಿದ ಹಟ ಬಿಡದವಳು ಅಂತ. ಅಪ್ಪ ತೀರಿಕೊಂಡ ಮೇಲೆ ಅವರ ಸಲೂನನ್ನು ಅವಳೇ ನಡೆಸುತ್ತಿದ್ದಳು. ಮೇಲಿನ ಮಹಡಿಯಲ್ಲಿ ಅಕ್ಕ ಹೊಲಿಗೆ ಮಷೀನು ಹಾಕಿಕೊಂಡಿದ್ದಳು. ಆ ಬೀದಿಯ ಅರ್ಧ ಗಂಡಸರ ತಲೆ ಮೊಂಡಿಯ ಕೈಯಲ್ಲಿತ್ತು. ಕತ್ತರಿ ಹಿಡಿದವಳ ಜೊತೆ ವಾದಕ್ಕಿಳಿಯುವ ಧೈರ್ಯ ಯಾರಿಗಿದೆ? ಹಾಗಾಗಿ ಅವಳ ಬಾಯಿಗೆ ಲಂಗುಲಗಾಮು ಇರಲಿಲ್ಲ.

ಬುಧವಾರದ ಬೈಬಲ್ ಪಾಠ ಮಾಡುತ್ತಿದ್ದವನು ಹಿಂದಿನ ಬೀದಿಯ ಫ್ರಿಜ್ ಮೆಕ್ಯಾನಿಕ್. ಆ ಬೀದಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಹಗಲೆಲ್ಲ ಕಂಪ್ರೆಸರ್ ಬಿಚ್ಚಿ ಜೋಡಿಸುವವನು ಸಂಜೆ ಕೈತೊಳೆದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ನಿಂತರೆ ಮುದುಕರೂ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಮೊಂಡಿಯೂ ಎದುರಿಗೆ ಮೇಷ್ಟ್ರೇ ಎನ್ನುತ್ತಿದ್ದಳು. ಮನಸ್ಸಿನಲ್ಲಿ ಅನ್ನುತ್ತಿದ್ದದ್ದು ಬೇರೆ, ಅದನ್ನು ಬರೆದರೆ ಚೆನ್ನಾಗಿರುವುದಿಲ್ಲ.

ಅವತ್ತು ಅವನು ಪೌಲನು ಬರೆದ ಒಂದು ಮಾತನ್ನು ಓದಿ ಬಿಡಿಸಿ ಹೇಳುತ್ತಿದ್ದ. "ಸೇಡು ತೀರಿಸ್ಕೋಬೇಡಿ, ಅದು ದೇವರ ಕೆಲಸ. ಶತ್ರು ಹಸಿದಿದ್ರೆ ಊಟ ಹಾಕಿ, ಬಾಯಾರಿದ್ರೆ ನೀರು ಕೊಡಿ. ಹಾಗೆ ಮಾಡಿದ್ರೆ ಅವನ ತಲೆ ಮೇಲೆ ಉರಿಯೋ ಕೆಂಡ ರಾಶಿ ಹಾಕಿದ ಹಾಗೆ."

ಮುಂದಿನ ಸಾಲಿನಲ್ಲಿದ್ದ, ಚರ್ಚಿನ ಹಾಡಿನ ತಂಡದ ಕಾಯಿರ್ ಆಂಟಿ ಕನ್ನಡಕ ಸರಿಮಾಡಿಕೊಂಡರು. "ನಿಜವಾದ ಕೆಂಡಾನಾ ಮೇಷ್ಟ್ರೇ?"

"ಬರೆದದ್ದನ್ನ ಬರೆದ ಹಾಗೇ ತಗೋಬೇಕು ಆಂಟಿ. ಮಷೀನಿನ ಜೊತೆ ಬಂದ ಮ್ಯಾನ್ಯುಯಲ್ ನಾವು ತಿದ್ದಕ್ಕಾಗುತ್ತಾ? ಮಾಡು ಅಂದದ್ದು ಮಾಡಿ. ಆಗೋದು ಆಗುತ್ತೆ."

ಮೊಂಡಿ ಎದ್ದು ನಿಂತಳು. "ಮೇಷ್ಟ್ರೇ, ಊಟ ಹಾಕಿದ ಮೇಲೆ ಕೆಂಡ ಬೀಳೋಕೆ ಎಷ್ಟು ದಿನ ಹಿಡಿಯುತ್ತೆ?"

ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಮೆಕ್ಯಾನಿಕ್ ಪುಸ್ತಕದಿಂದ ಕಣ್ಣೆತ್ತಿ ಅವಳನ್ನು ನೋಡಿದ. ಪ್ರಶ್ನೆ ಕೇಳಿದವರನ್ನು ನೋಡಬೇಕಾದಷ್ಟು ಹೊತ್ತಿಗಿಂತ ಕೊಂಚ ಜಾಸ್ತಿಯೇ ನೋಡಿದ.

"ಅದನ್ನ ಬರೆದಿಲ್ಲ," ಎಂದ.

"ಪರವಾಗಿಲ್ಲ. ಮಾಡಿ ನೋಡಿದ್ರೆ ಗೊತ್ತಾಗುತ್ತೆ," ಎಂದು ಅವಳು ಕೂತುಕೊಂಡಳು.

ಅವಳ ಹೊಟ್ಟೆಯೊಳಗಿನ ಉರಿಗೆ ಕಾರಣ ಅಕ್ಕ. ಅಕ್ಕನ ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ದಿನ ಕೈ ಮುರಿಯಿತು, ಅವತ್ತೇ ಅಕ್ಕ ಬಟ್ಟೆಬರೆ ಕಟ್ಟಿಕೊಂಡು ತಂಗಿಯ ಮನೆಗೆ ಬಂದುಬಿಟ್ಟಳು. ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕಿತು. ಆಮೇಲೆ ಹೆಂಡತಿ ಸತ್ತ ಒಬ್ಬ ಬಸ್ ಡ್ರೈವರ್ ಪ್ಯಾಂಟಿನ ಜಿಪ್ ಹಾಕಿಸಿಕೊಳ್ಳಲು ಬಂದ. ಜಿಪ್ ಸರಿಯಾದ ಮೇಲೂ ಬರುತ್ತಲೇ ಇದ್ದ. ಮೆತ್ತಗಿನ ಮನುಷ್ಯ. ಅಕ್ಕನ ಮುಖದ ಮೇಲೆ ನಗು ಮರಳಿತು. ಮದುವೆ ಚರ್ಚಿನಲ್ಲೇ ಆಗಬೇಕು ಎಂದು ಅಕ್ಕನ ಆಸೆ, ಅವಳು ಪಾದ್ರಿಗಳನ್ನು ಕೇಳಿದಳು.

ಪಾದ್ರಿಗಳು ಚರ್ಚಿನ ಹಿರಿಯರನ್ನು ಕೇಳಿದರು. ಹಿರಿಯರು ಮೀನಮೇಷ ಎಣಿಸಿ, ಬೈಬಲ್ ವಾಕ್ಯ ಚೆನ್ನಾಗಿ ಬಲ್ಲವನು ಎಂದು ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಬಂದ, ನಿಂತ, ಒಂದೇ ಮಾತು ಹೇಳಿದ: ಗಂಡ ಬಿಟ್ಟವಳನ್ನು ಮದುವೆಯಾಗುವವನು ಹಾದರ ಮಾಡಿದ ಹಾಗೆ ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ಹೇಳಿ ಹೊರಟುಹೋದ, ಯಾರ ಮನೆಯಲ್ಲೋ ಐಸ್ ಕಟ್ಟುತ್ತಿರಲಿಲ್ಲವಂತೆ. ಅಕ್ಕ ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

ಅಕ್ಕ ಮನೆಗೆ ಬಂದು, ಇನ್ನು ಬರಬೇಡಿ ಎಂದು ಡ್ರೈವರ್‌ಗೆ ಹೇಳಿಕಳಿಸಿದಳು. ಐದು ತಿಂಗಳಾಯಿತು. ಮಷೀನು ತುಳಿಯುತ್ತಾಳೆ, ಉಣ್ಣುತ್ತಾಳೆ, ಮಲಗುತ್ತಾಳೆ, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು. ಕುಡಿದವನು ಅವನು, ಹೊಡೆದವನು ಅವನು, ಬರೆ ಅಕ್ಕನಿಗೆ. ಆ ಬರೆ ಎಳೆದವನನ್ನು ಸುಮ್ಮನೆ ಬಿಟ್ಟರೆ ತನ್ನನ್ನು ಮೊಂಡಿ ಎಂದು ಕರೆಯಬೇಡಿ ಎಂದು ಅವಳು ಅವತ್ತೇ ತೀರ್ಮಾನಿಸಿದ್ದಳು.

ಈಗ ದಾರಿ ಸಿಕ್ಕಿತು. ದಾರಿಯನ್ನು ತೋರಿಸಿದವನೂ ಅವನೇ.

ಮರುದಿನ ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಅವನ ಅಂಗಡಿಯ ಮುಂದೆ ನಿಂತಳು. ಒಳಗೆ ಬಾಗಿಲು ಬಿಚ್ಚಿದ ಫ್ರಿಜ್ಜುಗಳು ಸಾಲಾಗಿ ಗೋಡೆಗೆ ಒರಗಿದ್ದವು. ಅವನು ಮೆಟ್ಟಿಲ ಮೇಲೆ ಕೂತು ಒಣ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ.

"ಹಸಿವಾಗಿದೆಯಾ?" ಎಂದಳು.

ಅವನು ಗಾಬರಿಯಾಗಿ ಎದ್ದ. "ಸ್ವಲ್ಪ."

"ಸ್ವಲ್ಪ ಅಂದ್ರೆ ನಡೆಯಲ್ಲ. ಹಸಿವಾಗಿದೆಯಾ, ಇಲ್ಲವಾ? ಸರಿಯಾಗಿ ಹೇಳಿ."

"ಆಗಿದೆ."

"ಬಾಯಾರಿಕೆ?"

ಅವನು ಕೈಯಲ್ಲಿದ್ದ ಚಹಾದ ಲೋಟ ನೋಡಿದ. ಅವಳ ಮುಖ ನೋಡಿದ. ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಅದೂ ಆಗಿದೆ."

ಅವಳು ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಮೆಟ್ಟಿಲ ಮೇಲಿಟ್ಟಳು. ಬಿಸಿ ಅನ್ನ, ಬೇಳೆ, ಎರಡು ಮೊಟ್ಟೆ. ಅವನು ಉಣ್ಣುವಷ್ಟು ಹೊತ್ತೂ ಸೊಂಟದ ಮೇಲೆ ಕೈಯಿಟ್ಟು ಅವನ ನೆತ್ತಿಯನ್ನೇ ನೋಡುತ್ತ ನಿಂತಳು.

"ಏನಾದ್ರೂ ಆಗ್ತಿದೆಯಾ?" ಎಂದು ಕೊನೆಗೆ ಕೇಳಿದಳು.

"ಹೊಟ್ಟೆ ತುಂಬ್ತಿದೆ," ಎಂದ ಅವನು.

ಹೀಗೆ ಶುರುವಾದದ್ದು ದಿನಾ ನಡೆಯಿತು. ಹಸಿವಾಗಿದೆಯಾ ಎಂದು ಅವಳು ಪೊಲೀಸರ ಹಾಗೆ ಕೇಳುವುದು, ಆಗಿದೆ ಎಂದು ಅವನು ಕಳ್ಳನ ಹಾಗೆ ಒಪ್ಪಿಕೊಳ್ಳುವುದು. ಯಾಕೆ ತರುತ್ತೀರಿ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ದಿನ ಮೀನು ಹುರಿದು ತಂದಳು. ಅವನು ಮುಳ್ಳು ಬಿಡಿಸಲಾರದೆ ಒದ್ದಾಡುವುದನ್ನು ನೋಡಲಾಗದೆ ತಾನೇ ಕೂತು ಬಿಡಿಸಿಕೊಟ್ಟಳು, ಕೊಟ್ಟಾದ ಮೇಲೆ ತನ್ನ ಕೈಯ ಮೇಲೆಯೇ ಅವಳಿಗೆ ಸಿಟ್ಟು ಬಂತು. ಕೆಂಡ ಬೀಳುವುದಿರಲಿ, ಪಾಪಿಯ ಕೆನ್ನೆ ತುಂಬಿಕೊಳ್ಳುತ್ತಿತ್ತು.

"ಯಾರಿಗೇ ಆ ಡಬ್ಬಿ?" ಎಂದು ಅಕ್ಕ ಕೇಳಿದಳು.

"ಶತ್ರುವಿಗೆ."

"ಶತ್ರುವಿನ ಬ್ರೆಡ್ಡಿಗೆ ಇಷ್ಟು ದಪ್ಪ ಬೆಣ್ಣೆ ಹಚ್ತಾರಾ?"

ಮೊಂಡಿ ಡಬ್ಬಿಯ ಮುಚ್ಚಳ ಒತ್ತಿದಳು. ದಾರಿಯುದ್ದಕ್ಕೂ, ಬೆಣ್ಣೆ ಇದ್ದಷ್ಟೂ ಕೆಂಡ ಚೆನ್ನಾಗಿ ಉರಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ತಿಂಗಳು ತುಂಬುವ ಹೊತ್ತಿಗೆ ಅವನು ಕೂದಲು ಕತ್ತರಿಸಿಕೊಳ್ಳಲು ಸಲೂನಿಗೆ ಬಂದ. ಬೆಳಗಿನ ಹೊತ್ತು, ಬೇರೆ ಗಿರಾಕಿಗಳಿರಲಿಲ್ಲ. ಅವಳು ಅವನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿದಳು, ಬೇಕಾದದ್ದಕ್ಕಿಂತ ಒಂದಿಷ್ಟು ಬಿಗಿಯಾಗಿಯೇ.

ಸಲೂನಿನವರಿಗೆ ಒಂದು ವಿದ್ಯೆ ಗೊತ್ತಿರುತ್ತದೆ. ಕನ್ನಡಿಯ ಮುಂದೆ ಕೂತ ಗಂಡಸು ತನ್ನನ್ನೇ ನೋಡಿಕೊಳ್ಳುತ್ತಾನೆ, ಇಲ್ಲವೇ ಕಣ್ಣು ಮುಚ್ಚುತ್ತಾನೆ. ಇವನು ಎರಡೂ ಮಾಡಲಿಲ್ಲ. ಅವಳು ಎಡಕ್ಕೆ ಸರಿದರೆ ಅವನ ಕಣ್ಣು ಎಡಕ್ಕೆ, ಬಾಚಣಿಗೆ ತೆಗೆಯಲು ಬಾಗಿದರೆ ಕಣ್ಣೂ ಕೆಳಕ್ಕೆ. ಅವಳು ತಟ್ಟನೆ ಕನ್ನಡಿ ನೋಡಿದರೆ ಅವನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ಅದು ಕಳೆದ ವರ್ಷದ ಕ್ಯಾಲೆಂಡರ್.

ಬಲಗಡೆಯ ಕೂದಲು ಮುಗಿಯಿತು. ಇದೇ ಸಮಯ ಎಂದು ಅವಳು ಅಂಗೈಯನ್ನು ಅವನ ನೆತ್ತಿಯ ಮೇಲೆ ಒತ್ತಿ ನೋಡಿದಳು. ತಣ್ಣಗಿತ್ತು.

"ಕೆಂಡ ಹುಡುಕ್ತಾ ಇದ್ದೀರಾ?" ಎಂದ ಅವನು.

ಅವಳ ಕೈ ನೆತ್ತಿಯ ಮೇಲೆಯೇ ಉಳಿಯಿತು. "ಗೊತ್ತಿತ್ತಾ?"

"ಎರಡನೇ ದಿನವೇ. ಹಸಿವಾಗಿದೆಯಾ ಅಂತ ಅಷ್ಟು ಖಡಕ್ಕಾಗಿ ಯಾರು ಕೇಳ್ತಾರೆ? ಆ ವಾಕ್ಯ ಪಾಠ ಮಾಡಿದವನು ನಾನೇ ತಾನೆ."

"ಗೊತ್ತಿದ್ದೂ ಯಾಕೆ ತಿಂದ್ರಿ?"

"ನೀವು ಬರ್ತಿದ್ರಿ. ಬೇಡ ಅಂದ್ರೆ ನಿಂತುಹೋಗ್ತಿತ್ತು." ಅವನು ಕನ್ನಡಿಯಲ್ಲಿ ಈ ಸಲ ಕಣ್ಣು ತಪ್ಪಿಸಲಿಲ್ಲ. "ಆದ್ರೆ ನಾನು ಯಾವಾಗ ನಿಮ್ಮ ಶತ್ರು ಆದೆ ಅನ್ನೋದು ಮಾತ್ರ ಎಷ್ಟು ಯೋಚಿಸಿದ್ರೂ ಹೊಳೀಲಿಲ್ಲ."

ಇವನಿಗೆ ನೆನಪೂ ಇಲ್ಲ. ಮೊಂಡಿಯ ಮೈಯೆಲ್ಲ ಉರಿದುಹೋಯಿತು. ಒಂದು ಬಾಳನ್ನು ಮುರಿದು, ಕೈ ಒರೆಸಿಕೊಂಡು, ಐಸ್ ಕಟ್ಟಿಸಲು ಹೋದವನು. ಅವಳು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, ನಡೆದದ್ದನ್ನೆಲ್ಲ ಹೇಳಿದಳು. ಕೈ ಮುರಿದದ್ದು, ಡ್ರೈವರ್, ಮೂಲೆಯ ಕುರ್ಚಿ, ಆರು ತಿಂಗಳು. ಅವನ ಮುಖದ ಬಣ್ಣ ಇಳಿಯಿತು.

"ಹಿರಿಯರು ಹೆಸರು ಹೇಳಿರಲಿಲ್ಲ," ಎಂದ. "ಹೀಗೊಬ್ಬರು ಕೇಳ್ತಿದ್ದಾರೆ, ವಾಕ್ಯದಲ್ಲಿ ಏನಿದೆ ಅಂದ್ರು. ಇದ್ದದ್ದು ಹೇಳಿದೆ. ಅವರು ಅಲ್ಲೇ ಕೂತಿದ್ದಾರೆ ಅಂತ ಗೊತ್ತಿರಲಿಲ್ಲ. ಮತ್ತೆ... ಆ ವಾಕ್ಯ ನನ್ನದಲ್ಲ."

"ವಾಕ್ಯ ದೇವರದ್ದೇ ಇರಲಿ. ಬಾಯಿ ನಿಮ್ಮದು."

ಅವಳು ಗಂಟು ಬಿಚ್ಚಿ ಬಟ್ಟೆ ಕೊಡವಿದಳು. "ಏಳಿ. ಇವತ್ತಿಗೆ ಇಷ್ಟೇ."

"ಇನ್ನೊಂದು ಕಡೆ ಹಾಗೇ ಇದೆ."

"ಇರಲಿ. ಅರ್ಧ ವಾಕ್ಯ ಓದಿ ತೀರ್ಪು ಕೊಡೋರಿಗೆ ಅರ್ಧ ಕಟಿಂಗ್ ಸಾಕು."

ಅವನು ಎದ್ದು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಬಲಗಡೆ ಬೋಳಾಗಿ ಎಡಗಡೆ ಪೊದೆಯಾಗಿದ್ದ ತಲೆ ಹೊತ್ತು ಬೀದಿಗಿಳಿದ. ಸಂತೋಷಕ್ಕೆ ಅವಳು ನೆಲವನ್ನು ಎರಡು ಸಲ ಗುಡಿಸಿದಳು.

ಆ ಮಧ್ಯಾಹ್ನ ಡಬ್ಬಿ ಹೋಗಲಿಲ್ಲ. ಅಪ್ಪನ ಹಳೆಯ ಬೈಬಲ್ ತೆಗೆದು, ಗಿರಾಕಿಗಳ ನಡುವೆ ಸಿಕ್ಕಷ್ಟು ಹೊತ್ತು ಮತ್ತಾಯನ ಐದನೇ ಅಧ್ಯಾಯ ಓದಿದಳು. ಅಕ್ಕನನ್ನು ಕೊಂದ ವಾಕ್ಯದ ಮುಖ ನೋಡಬೇಕಿತ್ತು, ನೋಡಿದಳು. ಆಮೇಲೆ ಕಣ್ಣು ಅದೇ ಪುಟದಲ್ಲಿ ಕೊಂಚ ಮೇಲಕ್ಕೆ ಹೋಯಿತು. ಓದಿದಳು. ಮತ್ತೊಮ್ಮೆ ಓದಿದಳು. ಶೇವಿಂಗ್ ಸೋಪು ಬಳಿಸಿಕೊಂಡು ಕಾಯುತ್ತಿದ್ದ ಗಿರಾಕಿ, ಯಾಕಮ್ಮಾ ನಗ್ತೀಯ ಎಂದು ಕೇಳಿದ.

"ಹಾವಿನ ಹಲ್ಲು ಕೀಳೋ ದಾರಿ ಸಿಕ್ತು," ಎಂದಳು ಮೊಂಡಿ.

ಬುಧವಾರ ಬಂತು. ಮೆಕ್ಯಾನಿಕ್ ಅರ್ಧ ಕೂದಲಿನ ತಲೆಯಲ್ಲೇ ಪಾಠಕ್ಕೆ ಬಂದು ನಿಂತ. ಬೀದಿಯ ಆಚೆ ತುದಿಯಲ್ಲಿ ಇನ್ನೊಂದು ಸಲೂನಿತ್ತು, ಹೋಗಿರಲಿಲ್ಲ. ಒಂದು ಟೋಪಿಯಾದರೂ ಹಾಕಿಕೊಳ್ಳಬಹುದಿತ್ತು, ಅದನ್ನೂ ಹಾಕಿರಲಿಲ್ಲ. ಕಾಯಿರ್ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ತಲೆ ನೋಡಿ ಮೊಂಡಿಗೆ ಯಾಕೋ ಪಾಪ ಅನ್ನಿಸಿತು. ಅದನ್ನು ಅಲ್ಲೇ ಅದುಮಿ ಎದ್ದು ನಿಂತಳು.

"ಮೇಷ್ಟ್ರೇ, ಮತ್ತಾಯ ಐದರಲ್ಲಿ ಬಲಗಣ್ಣಿನ ಮಾತಿದೆಯಲ್ಲ, ಸ್ವಲ್ಪ ಓದ್ತೀರಾ?"

ಅವನು ಪುಟ ತಿರುಗಿಸಿ ಓದಿದ. ಪರಸ್ತ್ರೀಯನ್ನು ಆಸೆಯಿಂದ ನೋಡುವುದೂ ಪಾಪವೇ, ಬಲಗಣ್ಣು ಪಾಪಕ್ಕೆ ಎಳೆದರೆ ಅದನ್ನು ಕಿತ್ತು ಬಿಸಾಡು ಎನ್ನುವ ಮಾತು. ಓದುತ್ತ ಓದುತ್ತ ಅವನ ದನಿ ನಿಧಾನವಾಯಿತು.

"ಇದನ್ನ ಹೇಗೆ ತಗೋಬೇಕು? ಬರೆದ ಹಾಗೇ ಅಲ್ವಾ?"

ಅವನು ಪುಟದ ಅಂಚು ಮಡಿಸಿದ, ಬಿಡಿಸಿದ.

"ನನ್ನ ಸಲೂನಿನ ಕನ್ನಡಿಯಲ್ಲಿ ನಿಮ್ಮ ಕಣ್ಣು ಎಲ್ಲೆಲ್ಲಿ ಓಡಾಡ್ತು ಅಂತ ನಾನು ನೋಡಿದ್ದೀನಿ. ಮತ್ತೆ ಎರಡೂ ಇನ್ನೂ ಇದ್ದ ಜಾಗದಲ್ಲೇ ಇದ್ದಾವಲ್ಲ?"

ಅವನ ಕಿವಿ ಕೆಂಪಾಯಿತು, ಕೂದಲು ಕತ್ತರಿಸಿದ ಕಡೆಯ ಕಿವಿ ಎಲ್ಲರಿಗೂ ಕಂಡಿತು.

"ನೋಡಿದ್ದು ನಿಜ," ಎಂದ.

"ಹಾಗಾದ್ರೆ ಕಿತ್ತುಬಿಡಿ."

ಕಾಯಿರ್ ಆಂಟಿಗೆ ತಡೆಯಲಾಗಲಿಲ್ಲ. "ಏ ಹುಡುಗಿ, ಅದು ಹಾಗಲ್ಲ. ಆ ಮಾತಿನ ಅರ್ಥವೇ ಬೇರೆ. ಯಾರಾದರೂ ಕಣ್ಣು ಕೀಳ್ತಾರಾ?"

ಮೊಂಡಿ ಕಾಯುತ್ತಿದ್ದದ್ದೇ ಆ ಮಾತಿಗೆ. "ಹೌದಾ ಆಂಟಿ? ಅದಕ್ಕೆ ಅರ್ಥ ಬೇರೆ. ಮೂರು ವಾಕ್ಯ ಕೆಳಗಿಳಿದ್ರೆ ಗಂಡ ಬಿಟ್ಟವಳ ಮಾತು ಬರುತ್ತೆ. ಅದೇ ಪುಟ, ಅದೇ ಬಾಯಿ, ಅದೇ ದಿನ ಹೇಳಿದ್ದು. ಅದಕ್ಕೆ ಮಾತ್ರ ಬೇರೆ ಅರ್ಥ ಇಲ್ಲ. ನಿಮ್ಮ ಕಣ್ಣಿಗಾದ್ರೆ ಅರ್ಥ, ನನ್ನ ಅಕ್ಕನ ಬಾಳಿಗಾದ್ರೆ ಅಕ್ಷರ. ಇದು ಯಾವ ಸೀಮೆ ನ್ಯಾಯ ಮೇಷ್ಟ್ರೇ?"

ಅವನು ಪುಸ್ತಕವನ್ನು ಮುಚ್ಚಲಿಲ್ಲ. ಆ ಪುಟದ ಮೇಲೆ ಬೆರಳಿಟ್ಟು, ಮೂರು ವಾಕ್ಯ ಕೆಳಗಿಳಿದು ಓದಿದ.

"ಇವತ್ತು ಪಾಠ ಮಾಡಿದ್ದು ನೀವು," ಎಂದ.

ಸೇಡು ಸಿಹಿಯಲ್ಲ, ತೀರಿಸಿಕೊಂಡ ಮೇಲೆ ಬಾಯಿ ಕಹಿಯಾಗುತ್ತದೆ ಎಂದೆಲ್ಲ ದೊಡ್ಡವರು ಹೇಳುತ್ತಾರೆ. ಅವರು ರುಚಿ ನೋಡಿಲ್ಲ, ಅಷ್ಟೇ. ಮೊಂಡಿಗೆ ಸಿಹಿಯಾಗಿಯೇ ಇತ್ತು. ಮನೆಯವರೆಗೂ ಅದನ್ನು ಚಪ್ಪರಿಸುತ್ತ ನಡೆದಳು. ತೊಂದರೆ ಬೇರೆ: ಸಿಹಿ ಮುಗಿದ ಮೇಲೂ ಆ ಅರ್ಧ ಕೂದಲಿನ ತಲೆ, ಕೆಂಪು ಕಿವಿ ಕಣ್ಣ ಮುಂದೆಯೇ ಇದ್ದವು. ಅವನನ್ನು ಸೋಲಿಸಬೇಕು ಅನ್ನಿಸಿತ್ತು, ಸೋಲಿಸಿದಳು. ಈಗ ಅವನೇ ಬೇಕು ಅನ್ನಿಸಿತು. ಇಂಥ ದರಿದ್ರ ಹಣೆಬರಹ ಯಾರಿಗೂ ಬೇಡ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಮರುದಿನ ಅವಳು ಶಟರ್ ಎತ್ತುವಾಗಲೇ ಅವನು ಬಾಗಿಲಲ್ಲಿದ್ದ.

"ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರು ಸೇರಬೇಕು ಅಂತ ಪಾದ್ರಿಗಳಿಗೆ ಹೇಳಿ ಬಂದೆ," ಎಂದ. "ನಾನು ಹೇಳಿದ್ದನ್ನ ನಾನೇ ವಾಪಸ್ ತಗೋಬೇಕು. ಇಡೀ ಅಧ್ಯಾಯ ಓದಿದೆ. ಎಷ್ಟೋ ಸಲ ಓದಿದ್ದೆ, ಈ ಸಲ ಓದಿದ್ದು ಬೇರೆ ಥರ."

ಅವಳು ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ನನ್ನ ಅಕ್ಕನ ಪರ ಮಾತಾಡೋ ತಲೆ ಹೀಗಿರಬಾರದು."

ಎಡಗಡೆಯ ಕೂದಲು ಬೀಳತೊಡಗಿತು. ಅವಳು ಈ ಸಲ ಆತುರ ಮಾಡಲಿಲ್ಲ. ಕಿವಿಯ ಹಿಂದೆ ಕತ್ತರಿ ತುದಿಯಿಂದ ಒಂದೊಂದೇ ಎಳೆ ತೆಗೆದಳು. ಅವನು ಕನ್ನಡಿ ನೋಡಲಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ.

"ಯಾಕೆ ಮುಚ್ಕೊಂಡಿದ್ದೀರಿ?"

"ಕಿತ್ತುಹಾಕೋಕೆ ಧೈರ್ಯ ಇಲ್ಲ. ಮುಚ್ಕೊಳ್ಳೋಣ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. "ತೆಗೀರಿ. ಪರಸ್ತ್ರೀ ಕೈಯಲ್ಲಿ ಮೀನಿನ ಮುಳ್ಳು ಬಿಡಿಸಿಕೊಂಡು ತಿಂದಾಗ ಎಲ್ಲಿ ಹೋಗಿತ್ತು ಈ ಭಕ್ತಿ?"

ಅವನು ಕಣ್ಣು ತೆರೆದ. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಕ್ಯಾಲೆಂಡರ್ ಕಡೆ ಯಾರೂ ಓಡಲಿಲ್ಲ.

"ಆ ಊಟದ ಆಸೆ ಅಂತ ಅಲ್ಲ," ಎಂದ ಅವನು ಮೆಲ್ಲಗೆ. "ನೀವು ಮೆಟ್ಟಿಲ ಹತ್ತಿರ ನಿಂತು ಹಸಿವಾಗಿದೆಯಾ ಅಂತ ಗದರಿಸೋದು ಇದೆಯಲ್ಲ, ಅದಕ್ಕೆ ಬೆಳಿಗ್ಗೆಯಿಂದ ಕಾಯ್ತಿದ್ದೆ. ಈ ವಾರ ನೀವು ಬರಲಿಲ್ಲ. ಯಾವ ಫ್ರಿಜ್ಜೂ ಸರಿಹೋಗಲಿಲ್ಲ."

"ಮೊದಲು ಭಾನುವಾರ ಮುಗೀಲಿ," ಎಂದಳು ಅವಳು. ದನಿ ಗದರಿಸಿದಂತೆ ಬರಲಿ ಎಂದು ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ.

ಭಾನುವಾರ ಹಿರಿಯರು ಸೇರಿದರು. ಅವತ್ತು ಅಕ್ಕ ಬಂದಿರಲಿಲ್ಲ, ಆರು ತಿಂಗಳಿಂದ ಚರ್ಚಿಗೇ ಬಂದಿರಲಿಲ್ಲ. ಮೊಂಡಿ ಬಾಗಿಲ ಪಕ್ಕದಲ್ಲಿ ನಿಂತಳು. ಹಿರಿಯರಲ್ಲೊಬ್ಬರಾದ ಚರ್ಚಿನ ಖಜಾಂಚಿಯವರು ಕೆಮ್ಮಿ ಶುರುಮಾಡಿದರು. "ಆರು ತಿಂಗಳ ಹಿಂದೆ ಆಗಲ್ಲ ಅಂದವರು ನೀವೇ ತಾನೆ ಮೇಷ್ಟ್ರೇ?"

"ನಾನೇ. ತಪ್ಪು ಹೇಳಿದೆ," ಎಂದ ಮೆಕ್ಯಾನಿಕ್. "ಆ ಕಾಲದಲ್ಲಿ ಗಂಡಸರು ಬೇಡವಾದ ಹೆಂಡತಿ ಕೈಗೆ ಒಂದು ಚೀಟಿ ಕೊಟ್ಟು ಬೀದಿಗೆ ತಳ್ತಿದ್ರು. ಆ ಗಂಡಸರ ಕೈ ತಡೆಯೋಕೆ ಹೇಳಿದ ಮಾತದು. ಅದನ್ನೇ ಹಿಡ್ಕೊಂಡು, ಕೈ ಮುರಿಸಿಕೊಂಡು ಬಂದ ಹೆಂಗಸಿಗೆ ನಾನು ಹೊಡೆದೆ. ಅವರಿಗೆ ಏನಾಗಿತ್ತು ಅಂತ ಕೇಳಲೂ ಇಲ್ಲ."

"ಹಾಗಾದ್ರೆ ಇನ್ನು ಎಲ್ಲರೂ ಅವರವರಿಗೆ ಬೇಕಾದ ಹಾಗೆ ಅರ್ಥ ಹೇಳ್ಕೋಬಹುದೋ?"

ಸುಲಭದ ಪ್ರಶ್ನೆಯಲ್ಲ. "ಇಲ್ಲ. ಬೇಕಾದ ಹಾಗೆ ಅಲ್ಲ. ಆದ್ರೆ ಇಡೀ ಪುಟ ಓದಬೇಕು. ಯಾರ ಬಾಳಿಗೆ ಅದನ್ನ ಹಚ್ತಿದ್ದೀವೋ ಅವರ ಮುಖ ನೋಡಬೇಕು. ನಾನು ಎರಡೂ ಮಾಡಲಿಲ್ಲ. ಈ ಬುಧವಾರದಿಂದ ಪಾಠ ಬೇರೆ ಯಾರಾದರೂ ಮಾಡಲಿ, ಆದ್ರೆ ಈ ಮದುವೆ ನನ್ನಿಂದ ನಿಲ್ಲೋದು ಬೇಡ."

ಖಜಾಂಚಿಯವರು ಮತ್ತೆ ಕೆಮ್ಮಿದರು. ಅಷ್ಟರಲ್ಲಿ ಪಾದ್ರಿಗಳು ಕೈಯೆತ್ತಿದರು. ವಯಸ್ಸಾದವರು, ಮಾತು ಕಡಿಮೆ. "ಮದುವೆ ನಾನು ಮಾಡಿಸ್ತೀನಿ. ಆರು ತಿಂಗಳ ಹಿಂದೆಯೇ ಮಾಡಿಸಬೇಕಿತ್ತು. ನನಗೂ ಅಡಗಿಕೊಳ್ಳೋಕೆ ಒಬ್ಬರ ಬೆನ್ನು ಬೇಕಿತ್ತು."

ಮೊಂಡಿ ಮೆಕ್ಯಾನಿಕ್‌ನ ತೋಳು ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡೇ ಬಂದಳು. ಸಲೂನಿನ ಪಕ್ಕದ ಮೆಟ್ಟಿಲನ್ನು ಇಬ್ಬರೂ ಓಡುತ್ತ ಹತ್ತಿದರು. ಅಕ್ಕ ಮಷೀನಿನ ಮುಂದೆ ಕೂತಿದ್ದಳು. ಮೊಂಡಿ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು: ಡಬ್ಬಿ, ಅರ್ಧ ಕೂದಲು, ಬಲಗಣ್ಣು, ಹಿರಿಯರು, ಪಾದ್ರಿಗಳು. ಹೇಳಿ, ಅಕ್ಕ ಎದ್ದು ತಬ್ಬಿಕೊಳ್ಳುತ್ತಾಳೆ ಎಂದು ಕಾದಳು.

ಅಕ್ಕ ಏಳಲಿಲ್ಲ. "ಕೂತ್ಕೊಳ್ಳಿ ಇಬ್ಬರೂ," ಎಂದಳು.

ಗಿರಾಕಿಗಳಿಗೆಂದು ಹಾಕಿದ್ದ ಬೆಂಚಿನ ಮೇಲೆ ಇಬ್ಬರೂ ಕೂತರು.

"ಬುಧವಾರ ಅಷ್ಟು ಜನರ ಮುಂದೆ ನನ್ನ ಕಥೆ ಹೇಳಿದೆಯಾ?"

"ನಿನಗೋಸ್ಕರ ಅಕ್ಕ."

"ನನ್ನ ಕೇಳಿದೆಯಾ?"

ಮೊಂಡಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆದಳು.

"ಇವತ್ತು ಮತ್ತೆ ಹಿರಿಯರ ಮುಂದೆ ನನ್ನ ಮುರಿದ ಕೈ ಸುದ್ದಿ. ಅದನ್ನೂ ನನ್ನ ಕೇಳಲಿಲ್ಲ." ಅಕ್ಕ ಮೆಕ್ಯಾನಿಕ್ ಕಡೆ ತಿರುಗಿದಳು. "ಆವತ್ತು ನೀವು ನನ್ನನ್ನ ನೋಡದೆ ಬೇಡ ಅಂದ್ರಿ. ಇವತ್ತು ನೋಡದೆ ಬೇಕು ಅಂದ್ರಿ. ನನಗೆ ಎರಡೂ ಒಂದೇ."

ಅವನು ತಲೆ ತಗ್ಗಿಸಿದ.

"ನಾನೂ ಬೈಬಲ್ ಓದಿದ್ದೀನಿ. ಆರು ತಿಂಗಳು ಇಲ್ಲಿ ಕೂತು ಬೇರೇನು ಮಾಡಿದೆ ಅಂದ್ಕೊಂಡ್ರಿ? ಹಾದರಕ್ಕೆ ಸಿಕ್ಕಿಬಿದ್ದಳು ಅಂತ ಒಬ್ಬಳನ್ನ ಎಳ್ಕೊಂಡು ಬಂದು ನಿಲ್ಲಿಸ್ತಾರಲ್ಲ, ಆ ಕಥೆ. ಅಷ್ಟು ಜನ ಗಂಡಸರು, ಎಲ್ಲರೂ ಅವಳ ಬಗ್ಗೆ ಮಾತಾಡ್ತಾರೆ. ಕಲ್ಲು ಹೊಡೀಬೇಕಾ ಬೇಡವಾ, ವಾಕ್ಯದಲ್ಲಿ ಏನಿದೆ ಅಂತ. ಅವಳ ಜೊತೆ ಮಾತಾಡಿದವನು ಯೇಸು ಒಬ್ಬನೇ. ಅವಳನ್ನೇ ಕೇಳಿದ, ಅವಳ ಬಾಯಿಂದ ಉತ್ತರ ಬರೋವರೆಗೂ ಕಾದ. ನೀವಿಬ್ಬರೂ ಆ ಕಥೇಲಿ ಕಲ್ಲು ಹಿಡಿದವರು. ಒಬ್ಬ ನನಗೆ ಹೊಡೆದ, ಇನ್ನೊಬ್ಬಳು ನನ್ನ ಹೆಸರು ಹೇಳ್ಕೊಂಡು ಅವನಿಗೆ ಹೊಡೆದಳು. ನಾನು ಮಾತ್ರ ನಡುವೆ ನಿಂತೇ ಇದ್ದೀನಿ."

ಮೊಂಡಿಗೆ ಅಳು ಬಂತು. ತನ್ನ ಸಿಟ್ಟೇ ಅಕ್ಕನ ನ್ಯಾಯ ಎಂದು ಅವಳು ಇಷ್ಟು ದಿನ ನಂಬಿದ್ದಳು. ಮೂಲೆಯ ಕುರ್ಚಿಯಲ್ಲಿ ಅಕ್ಕನನ್ನು ಎರಡನೇ ಸಲ ಕೂರಿಸಿದವಳು ತಾನೇ. "ತಪ್ಪಾಯ್ತು ಅಕ್ಕ," ಎಂದಳು.

"ನನ್ನ ತಪ್ಪು ಅದಕ್ಕೂ ಮೊದಲಿನದು," ಎಂದ ಮೆಕ್ಯಾನಿಕ್. ಮೊದಲ ಸಲ ಅವನು ಅಕ್ಕನ ಮುಖವನ್ನು ನೇರವಾಗಿ ನೋಡಿದ. "ಈಗ ಕೇಳ್ತೀನಿ. ನಿಮಗೆ ಏನು ಬೇಕು?"

ಅಕ್ಕ ಮಷೀನಿನಿಂದ ಬಟ್ಟೆ ಬಿಡಿಸಿ ದಾರ ಕಡಿದಳು.

"ನನಗೆ ಅವರು ಬೇಕು. ನಾಳೆ ಬೆಳಿಗ್ಗೆ ಅವರ ಬಸ್ ಹತ್ತಿ ನಾನೇ ಹೋಗಿ ಕೇಳ್ತೀನಿ. ನೀವಿಬ್ಬರೂ ಆ ಕಡೆ ತಲೆ ಹಾಕಬೇಡಿ. ಚರ್ಚಿನಲ್ಲೇ ಮದುವೆ ಆಗ್ತೀನಿ. ಚರ್ಚಿಗೆ ಹೋಗಲ್ಲ ಅಂತ ನಾನೇ ಕೂತ್ಕೊಂಡ್ರೆ ಅದು ದೇವರ ಮನೆ ಹೋಗಿ ಖಜಾಂಚಿ ಮನೆ ಆಗಿಬಿಡುತ್ತೆ. ಇನ್ನು ನಿಮ್ಮ ವಿಷಯ."

"ನಮ್ಮ ವಿಷಯ ಏನು?" ಎಂದಳು ಮೊಂಡಿ.

"ಸೇಡು ನಿನಗೊಬ್ಬಳಿಗೇ ಇರುತ್ತಾ? ನನಗೂ ಇದೆ. ನೀನು ಇವರನ್ನ ಕಟ್ಕೋ. ಬೆಳಿಗ್ಗೆ ಸಂಜೆ ಇವರ ವ್ಯಾಖ್ಯಾನ ಕೇಳ್ತಾ ಕೂತಿರು. ಇವರು ನಿನ್ನ ನಾಲಿಗೆ ಜೊತೆ ಬಾಳಲಿ. ನಿಮಗೆ ಒಬ್ಬರಿಗೊಬ್ಬರೇ ಶಿಕ್ಷೆ, ನಾನು ಬೇರೆ ಏನೂ ಮಾಡಬೇಕಾಗಿಲ್ಲ. ಈಗ ಏಳಿ, ನನಗೆ ಕೆಲಸ ಇದೆ."

ಇಬ್ಬರೂ ಸದ್ದಿಲ್ಲದೆ ಎದ್ದು ಬಂದರು. ಮೆಟ್ಟಿಲ ತಿರುವಿನಲ್ಲಿ, ಮೇಲಿಂದಲೂ ಕಾಣದ, ಬೀದಿಯಿಂದಲೂ ಕಾಣದ ಜಾಗದಲ್ಲಿ ಅವನು ನಿಂತ.

"ನೀವು ಏನಂತೀರಿ?" ಎಂದು ಕೇಳಿದ. "ನಿಮ್ಮನ್ನೂ ಕೇಳಬೇಕಲ್ಲ."

ಅವಳು ಕಣ್ಣೊರೆಸಿಕೊಂಡಳು. ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಎಷ್ಟು ತೊಳೆದರೂ ಹೋಗದ ಗ್ರೀಸಿನ ಗೆರೆಗಳಿದ್ದ ಕೈ.

"ನನಗೆ ನೀವು ಬೇಕು," ಎಂದಳು. "ಎಷ್ಟು ಬೇಕು ಅಂದ್ರೆ ನನಗೇ ನಾಚಿಕೆ ಆಗುತ್ತೆ. ಆದ್ರೆ ಮೆಲ್ಲಗೆ ಮಾತಾಡಿ. ನಾನು ಖುಷಿಯಾಗಿದ್ದೀನಿ ಅಂತ ಗೊತ್ತಾದ್ರೆ ಅಕ್ಕ ಶಿಕ್ಷೆ ಬದಲಾಯಿಸಿಬಿಡ್ತಾಳೆ."

"ಹಾಗಾದ್ರೆ ಅಳು ಮುಖ ಮಾಡ್ಕೊಂಡೇ ಇಳಿಯೋಣ."

"ನಿಮಗೆ ಬರಲ್ಲ ಅದು. ಈಗಲೇ ನಗ್ತಿದ್ದೀರಿ."

"ನೀವೂ."

ಮೇಲೆ ಮಷೀನಿನ ಸದ್ದು ನಿಂತಿತು.

"ನನಗೆ ಎಲ್ಲ ಕೇಳಿಸ್ತಿದೆ ಕಣೇ," ಎಂದಳು ಅಕ್ಕ. "ಶಿಕ್ಷೆ ಬದಲಾಗಲ್ಲ."